ಹುತ್ತಕ್ಕೆ ಹಾಲು, ಗೆದ್ದಲಿಗೆ ವಿಷ

ನನ್ನ ಸಂಸಾರ ಸಾಕಿದವರ ಪಟ್ಟಿಯಲ್ಲಿ ಗೆದ್ದಲಿನ ಹೆಸರನ್ನೂ ಬರೆಯಬೇಕು. ಬೆಂಗಳೂರಿನ ಮಾವಳ್ಳಿಯಲ್ಲಿ ಅಪ್ಪ ಇಟ್ಟ ಮರಗೆಲಸದ ಅಂಗಡಿ ನನ್ನದು. ನ್ಯಾಷನಲ್ ಕಾಲೇಜಿನಲ್ಲಿ ಬಿ.ಎಸ್‌ಸಿ. ಮುಗಿಸಿ, ಬ್ಯಾಂಕ್ ಪರೀಕ್ಷೆ ಬರೆಯುತ್ತೇನೆಂದು ಮನೆಯಲ್ಲಿ ಕೂತಿದ್ದವನು ಕೊನೆಗೆ ಉಳಿ, ಬಾಚಿ ಹಿಡಿದೆ. ಮಂಚ, ಮೇಜು, ಬೀರು ಎಲ್ಲ ಈಗ ಕಾರ್ಖಾನೆಯಿಂದ ರಟ್ಟಿನ ಡಬ್ಬದಲ್ಲಿ ಬರುತ್ತವೆ. ನಮಗೆ ಉಳಿದಿರುವುದು ರಿಪೇರಿ: ಚಾಮರಾಜಪೇಟೆ, ಬಸವನಗುಡಿ, ವಿಶ್ವೇಶ್ವರಪುರದ ಹಳೆಯ ಮನೆಗಳ ದಾರಂದ, ಕಿಟಕಿ, ಅಟ್ಟದ ಜಂತೆ. ಅದರಲ್ಲಿ ಅರ್ಧ ಕೆಲಸ ಗೆದ್ದಲು ಕೊಟ್ಟದ್ದು. ಹಾಗಾಗಿ ನಾನು ಈಗ ಅದರ ಪರ ವಕಾಲತ್ತು ಹಾಕಿದರೆ ಸ್ವಾರ್ಥ ಅನ್ನಬಹುದು. ಅನ್ನಲಿ.

ಮೊದಲು ಒಂದು ಗೊಂದಲ ಬಿಡಿಸಬೇಕು. ಮರದಲ್ಲಿ ತೂತು ಕಂಡರೆ ಸಾಕು, ‘ಗೆದ್ದಲು ಬಂದಿದೆ’ ಎಂದು ಫೋನ್ ಮಾಡುತ್ತಾರೆ. ಹೋಗಿ ನೋಡಿದರೆ ಕೆಳಗೆ ಗೋಧಿಹಿಟ್ಟಿನಷ್ಟು ನುಣ್ಣನೆಯ ಪುಡಿ ಬಿದ್ದಿರುತ್ತದೆ. ಅದು ಕುಟ್ಟೆ, ಒಂದು ಜಾತಿಯ ಜೀರುಂಡೆಯ ಮರಿ. ಪುಡಿಯ ಬದಲು ಸಣ್ಣ ಸಣ್ಣ ಒಣಗಿದ ಕಾಳು ಬಿದ್ದಿದ್ದರೆ ಅದು ಒಣಮರದ ಗೆದ್ದಲು. ಮರದೊಳಗೇ ಹುಟ್ಟಿ ಮರದೊಳಗೇ ಬಾಳುವ ಜಾತಿ, ಮಣ್ಣಿನ ಹಂಗೇ ಅದಕ್ಕಿಲ್ಲ. ಇವೆರಡೂ ಅಲ್ಲದೆ, ಗೋಡೆಯ ಮೇಲೆ ಮಣ್ಣಿನ ಗೆರೆ ಹತ್ತಿ ಬಂದು, ದಾರಂದದ ಬುಡದಲ್ಲಿ ಹಸಿ ಮಣ್ಣು ಮೆತ್ತಿಕೊಂಡಿದ್ದರೆ, ಬಂದವರು ನೆಲದೊಳಗಿನವರು. ಅವರಲ್ಲೂ ಒಳಪಂಗಡಗಳುಂಟು. ನಮ್ಮ ಊರಿನ ಮಣ್ಣಲ್ಲಿ ಹೇರಳವಾಗಿರುವ ಓಡಾಂಟೋಟರ್ಮಿಸ್ ಕುಲದ ಗೆದ್ದಲಿನ ಬಗ್ಗೆ ನನ್ನ ಮಾತು. ಹುತ್ತ ಕಟ್ಟುವುದು ಈ ಕುಲದ್ದೇ ಕೆಲವು ಜಾತಿ. ಉಳಿದವು ನೆಲದಡಿಯಲ್ಲೇ, ಹೊರಗೆ ಏನೂ ಕಾಣದಂತೆ ಬದುಕುತ್ತವೆ.

ಈ ಗೆದ್ದಲು ನಿಮ್ಮ ಬಾಗಿಲನ್ನು ತಿನ್ನಲು ಬಂದಿಲ್ಲ, ಹೊತ್ತುಕೊಂಡು ಹೋಗಲು ಬಂದಿದೆ. ತಿನ್ನುವುದು ಆಮೇಲೆ, ಅದೂ ಬೇರೆಯವರು ಬೇಯಿಸಿ ಕೊಟ್ಟ ಮೇಲೆ. ಮರವನ್ನು ಗಟ್ಟಿಯಾಗಿಸುವ ಲಿಗ್ನಿನ್ ಎಂಬ ವಸ್ತುವಿದೆಯಲ್ಲ, ಅದನ್ನು ಒಡೆಯುವುದು ಪ್ರಾಣಿಗಳ ಹೊಟ್ಟೆಗೆ ಬಹಳ ಕಷ್ಟ. ಅಣಬೆಗಳಿಗೆ ಅದು ಕರತಲಾಮಲಕ. ಅದಕ್ಕೇ ಈ ಗೆದ್ದಲು ಅಣಬೆ ಬೆಳೆಯುತ್ತದೆ. ಹಳೆ ತಲೆಯ ಕೆಲಸಗಾರರು ಒಣಗಿದ ಎಲೆ, ತೊಗಟೆ, ಸೌದೆ, ಸಿಕ್ಕರೆ ನಿಮ್ಮ ದಾರಂದ ತಂದು ಹಾಕುತ್ತಾರೆ. ಗೂಡಿನಲ್ಲಿರುವ ಎಳೆಯರು ಅದನ್ನು ಅಗಿದು, ಜೊತೆಗೆ ಅಣಬೆಯ ಬೀಜಕಣ ತುಂಬಿದ ಬಿಳಿಯ ಗುಂಡುಗಳನ್ನೂ ನುಂಗಿ, ಎರಡನ್ನೂ ಹೊಟ್ಟೆಯಲ್ಲಿ ಕಲಸಿ ತೋಟದ ಮೇಲೆ ವಿಸರ್ಜಿಸುತ್ತಾರೆ. ಬೀಜಕಣ ಹೊಟ್ಟೆಯಲ್ಲಿ ಸಾಯುವುದಿಲ್ಲ. ಹೀಗೆ ಉಳುಮೆ, ಗೊಬ್ಬರ, ಬಿತ್ತನೆ ಮೂರೂ ಒಂದೇ ಸಲಕ್ಕೆ ಆಗುತ್ತವೆ. ಪದರದ ಮೇಲೆ ಪದರ ಏರಿ, ಸುಕ್ಕುಸುಕ್ಕಾದ ಬೂದುಗಂದಿನ ಗಡ್ಡೆಯೊಂದು ಬೆಳೆಯುತ್ತದೆ. ಅದರ ಮೈತುಂಬ ಅಣಬೆಯ ಬಿಳಿ ನೂಲು ಹಬ್ಬಿ, ಒಂದೆರಡು ಮಿಲಿಮೀಟರ್ ಗಾತ್ರದ ಗುಂಡುಗಳು ಮತ್ತೆ ಏಳುತ್ತವೆ. ಗುಂಡು ಎಳೆಯರ ಪಾಲು. ಕೆಲವು ವಾರ ಕಳೆದು, ಅಣಬೆ ಪೂರಾ ಮಾಗಿಸಿದ ಗಡ್ಡೆಯ ತಳಭಾಗ ಹಿರಿಯರ ಪಾಲು. ಮೇಲೆ ಬಿತ್ತನೆ, ಕೆಳಗೆ ಕೊಯ್ಲು. ಪಾಳು ಬಿಡುವ ಮಾತೇ ಇಲ್ಲ.

ಈ ಗಡ್ಡೆಯನ್ನು ನಾನು ಕಂಡದ್ದು ಒಂದು ಹಳೆಯ ಮನೆಯ ಹಿತ್ತಿಲಲ್ಲಿ, ಪಾಯ ಅಗೆಯುವಾಗ. ಮೊಣಕಾಲುದ್ದದ ಆಳದಲ್ಲಿ, ಸಿಮೆಂಟಿನಷ್ಟು ನುಣುಪಾದ ಗೋಡೆಯ ಒಂದು ಗೂಡು, ಅದರೊಳಗೆ ಎರಡು ಅಂಗೈ ತುಂಬುವ ಗಡ್ಡೆ. ಕೈಗೆತ್ತಿಕೊಂಡರೆ ತೂಕವೇ ಇಲ್ಲ. ಮೂಗಿಗೆ ಹಿಡಿದರೆ ಮಳೆ ಬಿದ್ದ ಕಾಡಿನ ವಾಸನೆ. ಗಾರೆಯವನು ‘ಇದೇನ್ ಸಾರ್, ಜೇನಾ?’ ಎಂದ. ಮನೆಯೊಡತಿ ‘ಮೊದಲು ಔಷಧಿ ಹೊಡೀರಿ’ ಎಂದರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ನಮಗೆ ಇದನ್ನು ಹೇಳಿಕೊಟ್ಟವರೇ ಇಲ್ಲ. ಮಕ್ಕಳ ಪುಸ್ತಕದಲ್ಲಿ, ಟಿ.ವಿ.ಯಲ್ಲಿ ಅಣಬೆ ಬೆಳೆಯುವ ಇರುವೆಯ ಕತೆ ಬರುತ್ತದೆ. ಹಸಿರು ಎಲೆಯ ಚೂರನ್ನು ತಲೆ ಮೇಲೆ ಎತ್ತಿಕೊಂಡು ಸಾಲಾಗಿ ನಡೆಯುವ ಎಲೆಕತ್ತರಿ ಇರುವೆ. ಅವುಗಳ ಬಳಗ ದೊಡ್ಡದು, ಸುಮಾರು 250 ಜಾತಿ. ಎಲ್ಲವೂ ಅಮೆರಿಕ ಖಂಡಗಳಲ್ಲೇ. ಆ ಇರುವೆಗಳು ಎಲೆ ತಿನ್ನುವುದಿಲ್ಲ, ಎಲೆಯ ಮೇಲೆ ಅಣಬೆ ಬೆಳೆದು ಅದನ್ನು ತಿನ್ನುತ್ತವೆ ಎಂದು ನಿಕರಾಗುವಾದ ಗಣಿ ಎಂಜಿನಿಯರ್ ಥಾಮಸ್ ಬೆಲ್ಟ್ ಬರೆದದ್ದು 1874ರಲ್ಲಿ. ಅದಕ್ಕೂ ಸುಮಾರು ಒಂದು ಶತಮಾನ ಮೊದಲೇ, 1779ರಲ್ಲಿ, ನಮ್ಮ ಪಕ್ಕದ ತಂಜಾವೂರು ಸೀಮೆಯಲ್ಲಿ ಕೆಲಸ ಮಾಡುತ್ತಿದ್ದ ಲಿನ್ನೇಯಸ್‌ನ ಶಿಷ್ಯ ಯೋಹಾನ್ ಕೋನಿಗ್ ಗೆದ್ದಲ ಗೂಡು ಅಗೆದು, ಅಲ್ಲಿನ ಅಣಬೆಯ ಗುಂಡುಗಳನ್ನು ಕಂಡು, ಅವು ಮರಿಗಳ ಆಹಾರವೆಂದು ಬರೆದಿದ್ದ. ದಕ್ಷಿಣ ಭಾರತದ ನೆಲದಲ್ಲೇ ಕಂಡುಹಿಡಿದ ಸಂಗತಿ ನಮ್ಮ ಶಾಲೆಯ ಪುಸ್ತಕಕ್ಕೆ ಬರದೆ, ಅಮೆರಿಕದ ಇರುವೆ ಬಂತು.

ಈ ಎರಡು ಬೇಸಾಯಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಗೆದ್ದಲು ಇರುವೆಯ ನೆಂಟನೇ ಅಲ್ಲ, ಜಿರಲೆಯ ವಂಶದ್ದು. ಇರುವೆಗಳ ಬೇಸಾಯ ಸುಮಾರು 6 ಕೋಟಿ 60 ಲಕ್ಷ ವರ್ಷದ ಹಿಂದೆ, ಡೈನೋಸಾರ್‌ಗಳನ್ನು ಮುಗಿಸಿದ ಆಕಾಶಕಲ್ಲು ಬಿದ್ದ ಕಾಲದಲ್ಲಿ ಶುರುವಾಯಿತೆಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ಗೆದ್ದಲಿನದು ಆಫ್ರಿಕದ ಮಳೆಕಾಡಿನಲ್ಲಿ ಸುಮಾರು 3 ಕೋಟಿ ವರ್ಷದ ಹಿಂದೆ ಶುರುವಾಗಿ, ಏಷ್ಯಾಕ್ಕೂ ಹಬ್ಬಿತು. ಈಗ ಸುಮಾರು 330 ಜಾತಿಗಳು. ಒಮ್ಮೆ ರೈತರಾದ ಮೇಲೆ ಇವರಲ್ಲಿ ಒಂದು ಪಂಗಡವೂ ಬೇಸಾಯ ಬಿಟ್ಟು ಬೇರೆ ಕಸುಬಿಗೆ ಹೋಗಿಲ್ಲ. ನನ್ನಂಥವನಿಗೆ ಇದು ಸ್ವಲ್ಪ ನಾಚಿಕೆಯ ವಿಷಯವೇ. ನನ್ನ ಮಗ ಸಾಫ್ಟ್‌ವೇರಿಗೆ ಹೋದ.

ಈಗ ನನ್ನ ವಾದದ ತಿರುಳಿಗೆ ಬರುತ್ತೇನೆ. ಹೊಸ ಮನೆ ಹೂಡುವ ಹೆಣ್ಣು ಬೆಳೆಯ ಬೀಜವನ್ನು ಎಲ್ಲಿಂದ ತರುತ್ತಾಳೆ? ಅಮೆರಿಕದ ಇರುವೆರಾಣಿ ತವರಿನಿಂದ ಹೊರಡುವಾಗಲೇ ಬಾಯೊಳಗಿನ ಒಂದು ಚೀಲದಲ್ಲಿ ಅಣಬೆಯ ತುಣುಕು ಇಟ್ಟುಕೊಂಡು ಹಾರುತ್ತಾಳೆ, ನಮ್ಮಲ್ಲಿ ಬೇರೆ ಮನೆ ಹೂಡುವ ಸೊಸೆ ಒಂದು ಬಟ್ಟಲು ಹೆಪ್ಪು ಒಯ್ಯುವ ಹಾಗೆ. ನಮ್ಮ ಗೆದ್ದಲು ಬಹುಪಾಲು ಬರಿಗೈಯಲ್ಲಿ ಹೊರಡುತ್ತದೆ. ಬೇಸಿಗೆಯ ಮೊದಲ ದೊಡ್ಡ ಮಳೆ ಬಿದ್ದ ಸಂಜೆ ಟ್ಯೂಬ್‌ಲೈಟ್ ಸುತ್ತ ಮುತ್ತಿ ರೆಕ್ಕೆ ಉದುರಿಸುವ ಈಸಲು ಹುಳ, ಅವೇ ನವದಂಪತಿಗಳು. ಹೆಚ್ಚುಕಡಿಮೆ ಎಲ್ಲವೂ ಹಲ್ಲಿ, ಕಾಗೆ, ಇರುವೆಗಳ ಪಾಲು. ಉಳಿದ ಒಂದು ಜೋಡಿ ಮಣ್ಣು ಕೊರೆದು ಒಳಗೆ ಸೇರಿ, ಬಾಗಿಲು ಮುಚ್ಚಿ, ಮೈಯಲ್ಲಿದ್ದ ಕೊಬ್ಬು ಕರಗಿಸಿ ಮೊದಲ ಮಕ್ಕಳನ್ನು ಸಾಕುತ್ತದೆ. ಆ ಮಕ್ಕಳು ಕೆಲಸಕ್ಕೆ ಬಂದು ಮೊದಲ ಸಲ ಹೊರಗೆ ತಲೆ ಹಾಕುವ ಹೊತ್ತಿಗೆ ಮಳೆಗಾಲ ಹಿಡಿದಿರುತ್ತದೆ. ಆಗ ಹಳೆಯ ಗೂಡುಗಳ ಅಣಬೆ ನೆಲ ಸೀಳಿ ಮೇಲೆದ್ದು, ಕೊಡೆ ಬಿಚ್ಚಿ, ಬೀಜಕಣ ತೂರುತ್ತಿರುತ್ತದೆ. ಒಣ ಎಲೆಯ ಜೊತೆಗೆ ಆ ಬೀಜಕಣವೂ ಹೊಸ ಮನೆ ಸೇರಬೇಕು. ಸೇರಿದರೆ ತೋಟ, ಇಲ್ಲವಾದರೆ ಉಪವಾಸ.

ಅಂದರೆ ಗೆದ್ದಲಿಗೆ ಊರಿನ ಹೆಪ್ಪು ಬೇಕು. ಯಾವುದೋ ಹಳೆ ಗೂಡಿನ ಮೇಲೆ ಒಂದಿಷ್ಟು ಬರಿ ಮಣ್ಣು ಉಳಿದಿರಬೇಕು, ಅಣಬೆ ಹೊರಬರಬೇಕು, ಹತ್ತಿರದಲ್ಲೆಲ್ಲೋ ಎಲೆ ಕೊಳೆಯುತ್ತಿರಬೇಕು. ಮಾವಳ್ಳಿಯಲ್ಲಿ ಬರಿ ಮಣ್ಣು ಎಲ್ಲಿದೆ? ರಸ್ತೆಗೆ ಡಾಂಬರು, ಕಾಲುದಾರಿಗೆ ಟೈಲ್ಸು, ಅಂಗಳಕ್ಕೆ ಗ್ರಾನೈಟು, ಮರದ ಬುಡಕ್ಕೆ ಕತ್ತು ಹಿಸುಕುವ ಹಾಗೆ ಸಿಮೆಂಟು. ಉಳಿದಿರುವುದು ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಶುರುಮಾಡಿದ, ಈಗ 240 ಎಕರೆ ಇರುವ ಆ ತೋಟವೇ ನಮ್ಮ ಸುತ್ತಿನ ಬಡಾವಣೆಗಳಿಗೆ ಹೆಪ್ಪಿನ ಬಟ್ಟಲು. ಮಳೆಗಾಲದಲ್ಲಿ ಅಲ್ಲಿ ಮರಗಳ ಕೆಳಗೆ ಚಿಕ್ಕ ಬಿಳಿ ಅಣಬೆಗಳು ನೂರಾರು ಒಟ್ಟಿಗೆ ಎದ್ದಿರುವುದನ್ನು ನಡಿಗೆಗೆ ಹೋಗುವವರೆಲ್ಲ ನೋಡಿರುತ್ತಾರೆ. ಗೆದ್ದಲು ತನ್ನ ಗಡ್ಡೆಯ ಚೂರುಗಳನ್ನು ನೆಲದ ಮೇಲೆ ತಂದು ಹರಡಿದಾಗ ಹಾಗೆ ಏಳುವ ಒಂದು ಜಾತಿಯಿದೆ. ಇದರ ಅಣ್ಣಂದಿರು, ಆಳದ ಗಡ್ಡೆಯಿಂದ ಉದ್ದ ಬೇರು ಬಿಟ್ಟು, ಚೂಪು ತಲೆಯಿಂದ ಮಣ್ಣು ತೂತುಮಾಡಿ ಬರುವ ದೊಡ್ಡ ಹುತ್ತದ ಅಣಬೆಗಳು. ಕೊಡಗಿನವರು ಕುಮ್ಮು ಎಂದು ಕಾದು ಕೂತು ತಿನ್ನುವುದರಲ್ಲಿ ಇವೂ ಇವೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದ ಬೀಜ ತಂದು ಚಿಪ್ಪಣಬೆ ಯಾರು ಬೇಕಾದರೂ ಬೆಳೆಯಬಹುದು. ಹುತ್ತದ ಅಣಬೆಯನ್ನು ಹಾಗೆ ಚೀಲದಲ್ಲಿ ಬೆಳೆಯುವುದು ಮನುಷ್ಯರಿಗೆ ಸುಲಭಕ್ಕೆ ದಕ್ಕಿಲ್ಲ. (ಲಾಲ್‌ಬಾಗ್‌ನದನ್ನು ಕಿತ್ತು ಸಾರು ಮಾಡಲು ಹೋಗಬೇಡಿ. ಅಣಬೆ ಗುರುತು ಹಿಡಿಯುವುದು ಮರ ಗುರುತು ಹಿಡಿದಷ್ಟು ಸುಲಭವಲ್ಲ, ತಪ್ಪಿದರೆ ತಿದ್ದಿಕೊಳ್ಳಲು ಅವಕಾಶವೂ ಇರುವುದಿಲ್ಲ.)

ನಮ್ಮ ಊರಿನವರೇ ಈ ರೈತರ ಬಗ್ಗೆ ಎಷ್ಟು ಕೆಲಸ ಮಾಡಿದ್ದಾರೆ ಎನ್ನುವುದು ನಮ್ಮ ಊರಿಗೇ ಗೊತ್ತಿಲ್ಲ. ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಾವು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಅವರ ತಂಡ 2017ರಲ್ಲಿ ತೋರಿಸಿದ್ದು ಇದು: ಗೆದ್ದಲ ತೋಟದಲ್ಲೂ ಕಳೆ ಇದೆ, ಅದೂ ಒಂದು ಶಿಲೀಂಧ್ರವೇ. ಬೆಳೆ ಯಾವುದು, ಕಳೆ ಯಾವುದು ಎಂದು ಗೆದ್ದಲು ವಾಸನೆಯಿಂದ ಕಂಡುಹಿಡಿಯುತ್ತದೆ; ಕಳೆಯ ಮೇಲೆ ಮಣ್ಣಿನ ಉಂಡೆ ಹಾಕಿ ಹೂತುಬಿಡುತ್ತದೆ. ಕಣ್ಣಿಲ್ಲದ ಕೆಲಸಗಾರ, ಕತ್ತಲೆಯ ಕೋಣೆ, ಕಳೆ ಕೀಳುವ ಕೆಲಸ! ಗೆದ್ದಲು ಗೂಡು ಬಿಟ್ಟರೆ ಆ ಕಳೆ ತೋಟವನ್ನೆಲ್ಲ ಆವರಿಸುತ್ತದೆ. ಅದೇ ವರ್ಷ ಅದೇ ಸಂಸ್ಥೆಯಲ್ಲಿ ಬೋರ್ಜಸ್ ಅವರೂ ಸಿವಿಲ್ ಎಂಜಿನಿಯರಿಂಗ್‌ನ ತೇಜಸ್ ಮೂರ್ತಿಯವರೂ ಸೇರಿ, ಗೆದ್ದಲು ಮಣ್ಣನ್ನು ಎಂಥ ಹದಕ್ಕೆ ತಂದು ಇಟ್ಟಿಗೆ ಉಂಡೆ ಕಟ್ಟುತ್ತದೆ ಎಂದು ಅಳೆದರು. ಒದ್ದೆ ಹೆಚ್ಚಾದರೆ ಜಾರುತ್ತದೆ, ಕಡಿಮೆಯಾದರೆ ಉದುರುತ್ತದೆ. ಇದನ್ನು ಓದುವಾಗ ನನಗೆ ಅಂಟು ಕಲಸುವ ಹುಡುಗರು ನೆನಪಾದರು, ಅವರಿಗೆ ಈ ಹದ ಎಷ್ಟು ಹೇಳಿದರೂ ಸಿಗುವುದಿಲ್ಲ.

ಹುತ್ತದ ಉಸಿರಾಟದ ಕತೆ ಇನ್ನೂ ಚೆಂದ. ಲಕ್ಷಗಟ್ಟಲೆ ಗೆದ್ದಲು, ಅವಕ್ಕಿಂತ ಹೆಚ್ಚು ಉಸಿರಾಡುವ ಅಣಬೆಯ ತೋಟ, ಹೊರಗೆ ಕಾಣುವ ಕಿಟಕಿಯೊಂದೂ ಇಲ್ಲ. ಒಳಗಿನ ಕೆಟ್ಟ ಗಾಳಿ ಹೋಗುವುದೆಲ್ಲಿಗೆ? ಹಾರ್ವರ್ಡ್‌ನ ಎಲ್. ಮಹದೇವನ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಓಡಾಂಟೋಟರ್ಮಿಸ್ ಹುತ್ತಗಳಿಗೆ ಗಾಳಿ ಅಳೆಯುವ ಸಲಕರಣೆ ತೂರಿಸಿ 2015ರಲ್ಲಿ ಉತ್ತರ ಕೊಟ್ಟರು. ಹುತ್ತದ ಹೊರಮೈಯ ಏಣುಗಳು ಹಗಲಲ್ಲಿ ಬೇಗ ಕಾಯುತ್ತವೆ, ನಡುಭಾಗ ತಣ್ಣಗಿರುತ್ತದೆ. ಏಣಿನೊಳಗಿನ ಗಾಳಿ ಮೇಲೇರುತ್ತದೆ, ನಡುವಿನದು ಇಳಿಯುತ್ತದೆ. ರಾತ್ರಿ ಹೊರಮೈ ತಣಿದಾಗ ಸುತ್ತು ತಿರುಗಿಬೀಳುತ್ತದೆ. ಹಗಲೆಲ್ಲ ಕೂಡಿದ ಇಂಗಾಲದ ಡೈಆಕ್ಸೈಡು ರಾತ್ರಿ ಸೂಕ್ಷ್ಮ ರಂಧ್ರದ ಗೋಡೆಯ ಮೂಲಕ ಹೊರಹೋಗುತ್ತದೆ. ಫ್ಯಾನಿಲ್ಲ, ಕರೆಂಟಿಲ್ಲ. ಹಗಲು ರಾತ್ರಿಯ ಬಿಸಿಲು ಚಳಿಯ ವ್ಯತ್ಯಾಸವೇ ಸಾಕು.

ಇಂಥ ಕಸುಬುದಾರರಿಗೆ ನಾವು ಮಾಡುತ್ತಿರುವುದೇನು? ಶ್ರಾವಣದ ಪಂಚಮಿಗೆ ಹುತ್ತ ಹುಡುಕಿಕೊಂಡು ಹೋಗಿ ಹಾಲೆರೆಯುತ್ತೇವೆ. ಮದುವೆ, ಉಪನಯನದ ಅಂಕುರಾರ್ಪಣೆಗೆ ಹುತ್ತದ ಮಣ್ಣೇ ಬೇಕು. ಮಾರನೆಯ ದಿನ, ಕಾಂಪೌಂಡಿನ ಹೊಂಗೆ ಮರದ ತೊಗಟೆಯ ಮೇಲೆ ಅದೇ ಹುತ್ತದವರು ಮಣ್ಣು ಮೆತ್ತಿರುವುದನ್ನು ಕಂಡು, ಕೊಳವೆ ಹಿಡಿದವನನ್ನು ಕರೆಸಿ ಬುಡದ ಸುತ್ತ ವಿಷ ಸುರಿಸುತ್ತೇವೆ. ಪೂಜೆ ಹಾವಿಗೆ, ಕಟ್ಟಿದವರಿಗೆ ಕ್ಲೋರ್‌ಪೈರಿಫಾಸ್. ಆ ಮಣ್ಣಿನ ಹಾಳೆಯನ್ನು ಬೆರಳಿನಿಂದ ಕೆರೆದು ನೋಡಿ. ಕೆಳಗೆ ತಿಂದಿರುವುದು ತೊಗಟೆಯ ಸತ್ತ ಹೊರಪದರ. ಹಸಿರು ಪದರ ಹಾಗೇ ಇರುತ್ತದೆ. ಎಳೆಯ ಸಸಿಯನ್ನು, ಬಾಡಿ ಬಸವಳಿದ ಮರವನ್ನು ಗೆದ್ದಲು ಕೆಡಿಸಬಲ್ಲದು ನಿಜ. ಆದರೆ ಗಟ್ಟಿಮುಟ್ಟಾದ ಮರಕ್ಕೆ ಅದು ಮಾಡುವುದು ಕ್ಷೌರ. ನಮ್ಮ ಬೀದಿಯ ಮರಗಳನ್ನು ಕೊಂದದ್ದು ಬುಡದ ಸಿಮೆಂಟು, ಕತ್ತರಿಸಿದ ಬೇರು, ಮೊಳೆ ಹೊಡೆದ ಬೋರ್ಡು. ಬೈಗುಳ ಮಾತ್ರ ಗೆದ್ದಲಿಗೆ.

ಮನೆಗೆ ಬಂದ ಗೆದ್ದಲಿಗೆ ಔಷಧಿ ಹೊಡೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಗಿರಾಕಿ ನನ್ನನ್ನೇ ಹೊಡೆದಾರು. ಕಟ್ಟಡಕ್ಕೆ ಗೆದ್ದಲು ನಿರೋಧ ಹೇಗೆ ಮಾಡಬೇಕೆಂದು ಐಎಸ್ 6313 ಎಂಬ ಮಾನಕವೇ ಇದೆ. ಅದು ಬರೆದಿರುವುದು ಕಟ್ಟಡಕ್ಕೆ. ಪಾರ್ಕಿನ ನೆಲಕ್ಕಲ್ಲ, ಸಾಲುಮರದ ಬುಡಕ್ಕಲ್ಲ. ಒಂದು ಕಾಲದಲ್ಲಿ ಇದೇ ಕೆಲಸಕ್ಕೆ ಆಲ್ಡ್ರಿನ್, ಹೆಪ್ಟಾಕ್ಲೋರ್, ಕ್ಲೋರ್ಡೇನ್ ಸುರಿದದ್ದೂ, ಆಮೇಲೆ ಅವು ಮಣ್ಣಿನಿಂದ ಹೋಗುವುದೇ ಇಲ್ಲವೆಂದು ನಿಷೇಧವಾದದ್ದೂ ನಮಗೆ ಗೊತ್ತಿರುವ ಚರಿತ್ರೆ. ಈಗಿನವು ಅಷ್ಟು ಕೆಟ್ಟವಲ್ಲ ಎನ್ನುತ್ತಾರೆ. ಆದರೆ ಇವುಗಳಲ್ಲೊಂದಾದ ಇಮಿಡಾಕ್ಲೋಪ್ರಿಡ್ ಜೇನಿಗೆ ಮಾರಕ. ಹೊಂಗೆ ಹೂ ಬಿಡುವ ಕಾಲದಲ್ಲಿ ಅದರ ಬುಡಕ್ಕೆ ಅದನ್ನು ಹೊಯ್ಯುವವನಿಗೆ ಏನು ಹೇಳುವುದು?

ಹಳಬರು ಮರಕ್ಕೂ ಮಣ್ಣಿಗೂ ನಡುವೆ ಕಲ್ಲು ಇಡುತ್ತಿದ್ದರು. ದಾರಂದದ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ, ಕಲ್ಲಿನ ಚಪ್ಪಡಿ ಮೇಲೆ ಕೂರುತ್ತಿತ್ತು. ಮರವನ್ನೂ ನೋಡಿ ತರುತ್ತಿದ್ದರು: ತೇಗವೆಂದರೆ ತೇಗದ ಚೇಗು, ಬಿಳಿಯ ಹೊರಮರವನ್ನು ಬಾಚಿಯಲ್ಲೇ ಕೆತ್ತಿ ಎಸೆಯುತ್ತಿದ್ದರು. ಚೇಗಿನಲ್ಲಿರುವ ಎಣ್ಣೆ ಗೆದ್ದಲಿಗೆ ಒಗ್ಗದು. ಬಸವನಗುಡಿಯ ಎಷ್ಟೋ ಮನೆಯಲ್ಲಿ ಅಜ್ಜನ ಕಾಲದ ದಾರಂದ ನೆಟ್ಟಗಿದೆ, ಅದೇ ಮನೆಯಲ್ಲಿ ಮೊನ್ನೆ ಮೊನ್ನೆ ಮಾಡಿಸಿದ ವಾರ್ಡ್‌ರೋಬ್ ಹಿಂಬದಿಯಲ್ಲಿ ಮಣ್ಣಾಗಿದೆ. ಕಾರಣ ಗೆದ್ದಲಲ್ಲ. ಬಚ್ಚಲ ಪೈಪು ಸೋರಿ ಗೋಡೆ ಒದ್ದೆಯಾಗಿತ್ತು, ಆ ಗೋಡೆಗೆ ಅಗ್ಗದ ಪ್ಲೈವುಡ್ಡನ್ನು ಅಂಟಿಸಿ ನಿಲ್ಲಿಸಿದ್ದರು. ಒದ್ದೆ ಮರವೆಂದರೆ ಈ ರೈತರಿಗೆ ಗೊಬ್ಬರದ ಗಾಡಿ ಮನೆಬಾಗಿಲಿಗೆ ಬಂದ ಹಾಗಲ್ಲವೇ? ನಾನು ಮೊದಲು ಕೇಳುವುದು ಪ್ಲಂಬರ್ ಎಲ್ಲಿ ಎಂದು. ಔಷಧಿಯವನ ನಂಬರು ಆಮೇಲೆ.

ಹಳ್ಳಿಯ ರೈತರ ತಕರಾರು ಬೇರೆಯೇ, ಅದನ್ನು ಮುಚ್ಚಿಡಬಾರದು. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಬರುವವರನ್ನು ಮಾತಾಡಿಸಿದರೆ ಗೆದ್ದಲಿನ ಬಗ್ಗೆ ಒಳ್ಳೆಯ ಮಾತು ಬರುವುದಿಲ್ಲ. ಮಳೆ ಕೈಕೊಟ್ಟು ನೆಲ ಒಣಗಿದ ವರ್ಷ ಅದು ಕಡಲೆಕಾಯಿಯ ಸಿಪ್ಪೆ ಕೆರೆಯುತ್ತದೆ. ಕೆರೆದ ಜಾಗದಿಂದ ಬೂಷ್ಟು ಒಳಗೆ ಹೋಗಿ ಅಫ್ಲಾಟಾಕ್ಸಿನ್ ವಿಷ ಸೇರುತ್ತದೆ. ಅವರ ಹೊಲದ ಲೆಕ್ಕ ಅವರಿಗೆ ಬಿಟ್ಟದ್ದು. ನಗರದಲ್ಲಿ ನಮಗೆ ಕಡಲೆಕಾಯಿ ಹೊಲವಿಲ್ಲ. ಇರುವುದು ದಿನವೂ ಉದುರುವ ಎಲೆಯ ರಾಶಿ. ಅದನ್ನು ಗುಡಿಸಿ ಮೂಟೆ ಕಟ್ಟಿ ಲಾರಿಯಲ್ಲಿ ಊರಾಚೆ ಕಳಿಸುತ್ತೇವೆ, ಇಲ್ಲವೇ ನಸುಕಿನಲ್ಲಿ ಯಾರೂ ನೋಡದಾಗ ಬೆಂಕಿ ಇಡುತ್ತೇವೆ. ಆಮೇಲೆ ಅದೇ ಮರಕ್ಕೆ ಅಂಗಡಿಯಿಂದ ಗೊಬ್ಬರ ತಂದು ಹಾಕುತ್ತೇವೆ. ಮರದ ಬುಡದ ಎಲೆಯನ್ನು ಬುಡದಲ್ಲೇ ಬಿಟ್ಟರೆ ಕೂಲಿ ಕೇಳದೆ ಒಳಗೆ ಎಳೆದುಕೊಳ್ಳುವವರು ನೆಲದಲ್ಲಿದ್ದಾರೆ. ಅವರು ಕೊರೆದ ದಾರಿಯಲ್ಲಿ ಮಳೆನೀರೂ ಇಳಿಯುತ್ತದೆ. ಎಲ್ಲ ಕಡೆ ಬೇಡ. ಪಾರ್ಕಿನ ಒಂದು ಮೂಲೆ, ಮರದ ಸುತ್ತ ಒಂದು ಗಜ ಬರಿ ಮಣ್ಣು ಬಿಡಲು ಪಾಲಿಕೆಗೆ ಟೆಂಡರೂ ಬೇಕಿಲ್ಲ.

ತೋಟಗಾರಿಕೆ ಇಲಾಖೆಗೆ ಒಂದು ಕೋರಿಕೆ ಇದೆ. ಲಾಲ್‌ಬಾಗ್‌ನ ಬಂಡೆಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಫಲಕವಿದೆ, ಹಳೆಯ ಮರಗಳಿಗೆ ಹೆಸರಿನ ಫಲಕವಿದೆ. ಹುತ್ತಕ್ಕೊಂದು ಫಲಕ ಬೇಕು. ಆಗಸ್ಟ್ ಫಲಪುಷ್ಪ ಪ್ರದರ್ಶನದಲ್ಲಿ ಗಾಜಿನಮನೆಯಲ್ಲಿ 2017ರಲ್ಲಿ ಕುವೆಂಪು ಅವರ ಕವಿಮನೆಯನ್ನು ಹೂವಿನಲ್ಲಿ ಕಟ್ಟಿದರು, 2022ರಲ್ಲಿ ರಾಜ್‌ಕುಮಾರ್, ಪುನೀತ್ ಅವರನ್ನು ನೆನೆದರು; ಜನ ಮುಗಿಬಿದ್ದರು. ಒಂದು ಸಲ ಹುತ್ತವನ್ನು ನಡುವೆ ಸೀಳಿದ ಹಾಗೆ ಕಟ್ಟಿ ತೋರಿಸಲಿ, ರಾಣಿಯ ಕೋಣೆ, ಗಾಳಿಯ ದಾರಿ, ಅಣಬೆಯ ತೋಟ ಎಲ್ಲ ಇರಲಿ. ಕಾಲವೂ ಸರಿಹೊಂದುತ್ತದೆ: ನಾಗರಪಂಚಮಿ ಆಸುಪಾಸು, ಹೊರಗೆ ನಿಜವಾದ ಅಣಬೆ ಏಳುವ ಹೊತ್ತು. ಪ್ರದರ್ಶನಕ್ಕೆ ಮರದ ಚೌಕಟ್ಟು ಬೇಕಾದರೆ ಮಾವಳ್ಳಿಯಿಂದ ನಾನೇ ಮಾಡಿ ತಂದುಕೊಡುತ್ತೇನೆ, ಮಜೂರಿ ಬೇಡ. ತೇಗದ ಚೇಗಿನಲ್ಲೇ ಮಾಡುತ್ತೇನೆ, ಒಳಗಿನವರ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ.